ಸೋಣೆ ತಿಂಗಳ ಹಕ್ಕಲು

ಈ ಸಲದ ಮಳೆಗಾಲ ಇಡೀ ಪ್ರೇಮಾನಂದರ ಮನೆಯಂಗಳದಲ್ಲಿ ಗೇರಿನ ಕಸಿ ಸಸಿಗಳು ಕಾದು ನಿಂತಿದ್ದವು. ಕಪ್ಪು ಪ್ಲಾಸ್ಟಿಕ್ ತೊಟ್ಟೆಗಳಲ್ಲಿ, ಸಾಲಾಗಿ, ಶಾಲೆಯ ಪ್ರಾರ್ಥನೆಗೆ ಮಕ್ಕಳು ನಿಂತ ಹಾಗೆ. ಹಾಲು ತರಲು ಹೋದ ನಾವು ಅವುಗಳ ನಡುವೆ ಜಾಗ ಹುಡುಕಿ ಕಾಲಿಡಬೇಕಿತ್ತು. ಅವರ ಹೆಂಡತಿ ಸರೋಜಕ್ಕ ದಿನಾ ಬೆಳಿಗ್ಗೆ ಸಸಿಗಳ ಸುತ್ತಲೇ ಗುಡಿಸುತ್ತಿದ್ದರು, ಒಂದು ದಿನವೂ ಗೊಣಗಿದ್ದಿಲ್ಲ. ಆ ಸಸಿಗಳು ಹೋಗಬೇಕಾಗಿದ್ದದ್ದು ಮನೆಯ ಮೇಲಿನ ಹಕ್ಕಲಿಗೆ. ಅವು ಅಲ್ಲಿ ಬೇರು ಬಿಟ್ಟರೆ ಸರೋಜಕ್ಕನ ಪಾಲಿಗೆ ಏನು ಇಲ್ಲವಾಗುತ್ತದೆ ಎಂಬುದು ಪ್ರೇಮಾನಂದರಿಗೆ ಗೊತ್ತಿರಲಿಲ್ಲ. ಸರೋಜಕ್ಕ ಹೇಳಿಯೂ ಇರಲಿಲ್ಲ.

ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟು ಮೂಡಣಕ್ಕೆ ಹೋದರೆ ಗದ್ದೆ, ಗದ್ದೆ ದಾಟಿದರೆ ತೆಂಗಿನ ತೋಟ, ತೋಟ ಮುಗಿದಲ್ಲಿ ಒಂದು ಏರು. ಏರಿನ ಬುಡದಲ್ಲಿ ಅವರ ಮನೆ, ಏರು ಹತ್ತಿದರೆ ಹಕ್ಕಲು. ಹಕ್ಕಲು ಎಂದರೆ ಮುರಕಲ್ಲಿನ ದೊಡ್ಡ ಹಾಸು. ಅದರ ಮೇಲೆ ಬೆರಳು ಮುಳುಗುವಷ್ಟೂ ಮಣ್ಣಿಲ್ಲ. ಹಾಗಾಗಿ ಮರ ನಿಲ್ಲುವುದಿಲ್ಲ, ಹುಲ್ಲು ಮಾತ್ರ ಬೆಳೆಯುತ್ತದೆ. ಪಾಲಾಗುವಾಗ ಅಣ್ಣಂದಿರಿಗೆ ಗದ್ದೆ, ತೋಟ ಹೋಗಿ ಇವರಿಗೆ ಹಳೆಮನೆಯೂ ಹಕ್ಕಲೂ ಬಂದವು. ಊರವರು ಅಂದು "ಪಾಪ" ಎಂದಿದ್ದರು.

ಪ್ರೇಮಾನಂದರು ಮೀಸೆ ಮೂಡುವ ಮೊದಲೇ ಮುಂಬಯಿಗೆ ಹೋದವರು. ಕ್ಯಾಂಟೀನಿನಲ್ಲಿ ತಟ್ಟೆ ತೊಳೆದು, ಹಿಟ್ಟು ರುಬ್ಬಿ, ಕೊನೆಗೆ ಒಲೆಯ ಮುಂದೆ ನಿಂತವರು. ಅವರ ಕೈರುಚಿ ಹಿಡಿಸಿದ ಒಬ್ಬ ಗುಜರಾತಿ ಗಿರಾಕಿಗೆ ಆಫ್ರಿಕದ ಕೀನ್ಯಾ ದೇಶದಲ್ಲಿ ಒಂದು ಕ್ಯಾಂಪ್ ಇತ್ತು. ಹುಲ್ಲುಗಾವಲಿನ ನಡುವೆ ಡೇರೆ ಹಾಕಿ, ಪ್ರಾಣಿ ನೋಡಲು ಬಂದವರನ್ನು ಉಳಿಸಿಕೊಳ್ಳುವ ಜಾಗ. ಎರಡು ವರ್ಷಕ್ಕೆಂದು ಅಲ್ಲಿಗೆ ಹೋದ ಪ್ರೇಮಾನಂದರು ಇಪ್ಪತ್ತು ದಾಟಿಸಿ ಬಂದರು.

ಅವರು ಹೇಳುವುದನ್ನು ಕೇಳಲು ನನಗೆ ಬಲು ಇಷ್ಟ. ನಾನು ಆ ದೇಶ ಕಂಡವಳಲ್ಲ, ಆದರೆ ಅವರ ಜಗಲಿಯಲ್ಲಿ ಕೂತು ಎಷ್ಟೋ ಸಲ ಹೋಗಿ ಬಂದಿದ್ದೇನೆ. ಅಲ್ಲಿ ವರ್ಷಕ್ಕೆ ಎರಡು ಮಳೆಗಾಲವಂತೆ, ಒಂದು ದೊಡ್ಡದು, ಒಂದು ಸಣ್ಣದು. ಮಳೆ ಎಲ್ಲಿ ಬಿತ್ತೋ ಅಲ್ಲಿ ಹುಲ್ಲು ಚಿಗುರುತ್ತದೆ, ಹುಲ್ಲು ಎಲ್ಲಿ ಚಿಗುರಿತೋ ಅಲ್ಲಿಗೆ ಲಕ್ಷಗಟ್ಟಲೆ ಪ್ರಾಣಿಗಳು ನಡೆದು ಬರುತ್ತವೆ. ಮೊದಲು ಪಟ್ಟೆಕುದುರೆಗಳು ಬಂದು ಎತ್ತರದ ಒರಟು ಹುಲ್ಲನ್ನು ಕತ್ತರಿಸುತ್ತವೆ. ಹಿಂದಿನಿಂದ ವೈಲ್ಡ್‌ಬೀಸ್ಟ್ ಎಂಬ ಪ್ರಾಣಿಗಳ ದಂಡು. ಕೊನೆಗೆ ಸಣ್ಣ ಜಿಂಕೆಗಳು ಬಂದು ಬುಡದ ಎಳೆಯದನ್ನು ಮೇಯುತ್ತವೆ.

"ಒಂದೇ ಬಾಳಿ ಎಲಿಗೆ ಮೂರ್ ಪಂಕ್ತಿ ಊಟ ಕಾಣಿ," ಎಂದು ಅಡುಗೆಯವರ ಲೆಕ್ಕದಲ್ಲಿ ಹೇಳುತ್ತಾರೆ.

ಆ ವೈಲ್ಡ್‌ಬೀಸ್ಟ್ ಹೇಗಿರುತ್ತದೆ ಎಂದು ಒಮ್ಮೆ ಕೇಳಿದ್ದೆ.

"ಮೈ ಎಮ್ಮೆದ್, ಬಾಲ ಕುದ್ರಿದ್, ಗಡ್ಡ ಆಡಿಂದ್. ದೇವ್ರ್ ಉಳ್ದ ತರಕಾರಿ ಎಲ್ಲ ಒಟ್ಟ್ ಮಾಡಿ ಒಂದ್ ಸಾಂಬಾರ್ ಮಾಡಿದ್ದ," ಎಂದರು.

ಅಲ್ಲಿದ್ದಾಗ ಫೋನ್ ಮಾಡಿದರೂ ಸರೋಜಕ್ಕನಿಗೆ ಇದೇ ಕಥೆ. "ಅದ್ ಹುಲ್ಲಲ್ಲ ಮಾರಾಯ್ತಿ, ಸಮುದ್ರ. ಗಾಳಿ ಬಂದ್ರೆ ಅಲೆ ಏಳತ್ತ್."

"ಮೀನ್ ಸಿಕ್ಕತ್ತಾ ಅದ್ರಗೆ?" ಎಂದು ಸರೋಜಕ್ಕ ಈ ಕಡೆಯಿಂದ.

ಆದರೆ ಆ ಸಮುದ್ರದಲ್ಲಿ ಅವರಿಗೆ ಒಂದೇ ಒಂದು ಕೊರತೆ, ನೆರಳು. ಕೊಡೆ ಬಿಚ್ಚಿಟ್ಟ ಹಾಗಿರುವ ಮುಳ್ಳುಮರಗಳು ಅಲ್ಲೊಂದು ಇಲ್ಲೊಂದು. ಬೇಸಗೆಯಲ್ಲಿ ಬೆಂಕಿ ಓಡುತ್ತದೆ, ಉಳಿದ ಚಿಗುರನ್ನು ಆನೆ, ಜಿರಾಫೆಗಳು ತಿನ್ನುತ್ತವೆ, ಮರ ಏಳುವುದಾದರೂ ಹೇಗೆ? ಡೇರೆಯ ಒಲೆಯ ಮುಂದೆ ಬೆವರುವಾಗ ಪ್ರೇಮಾನಂದರು ಊರಿನ ಮರಗಳನ್ನು ನೆನೆಯುತ್ತಿದ್ದರು. ಊರಿಗೆ ಹೋದ ಮೇಲೆ ಆ ಬೋಳು ಹಕ್ಕಲಿನ ತುಂಬ ಮರ ನೆಡಬೇಕು, ಅದರಡಿ ಮಂಚ ಹಾಕಿ ಮಲಗಬೇಕು. ಇಷ್ಟೇ ಅವರ ಆಸೆ.

ಇಲ್ಲೊಂದು ವಿಚಿತ್ರ ಹೊಂದಾಣಿಕೆ ಇತ್ತು. ಅಲ್ಲಿ ದೊಡ್ಡ ಮಳೆ ಹಿಡಿದು ದಾರಿಯೆಲ್ಲ ಕೆಸರಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಕ್ಯಾಂಪ್ ಮುಚ್ಚುವುದು ಆಗ, ಇವರಿಗೆ ರಜೆ ಸಿಗುವುದೂ ಆಗಲೇ. ನಮ್ಮಲ್ಲಿ ಅದು ಹಕ್ಕಲು ಸತ್ತಂತೆ ಬಿದ್ದಿರುವ ಕಾಲ. ಹುಲ್ಲೆಲ್ಲ ಕೊಯ್ದಾಗಿರುತ್ತದೆ, ಉಳಿದದ್ದು ಸುಟ್ಟು ಹೋಗಿರುತ್ತದೆ, ಬರಿಗಾಲಿಟ್ಟರೆ ಕಲ್ಲು ಕಾದ ಕಾವಲಿ. ನಮ್ಮಲ್ಲಿ ಸೋಣೆ ತಿಂಗಳು ಬರುವಾಗ, ಅಂದರೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನ ತನಕ, ಅಲ್ಲಿ ಪ್ರಾಣಿಗಳ ದಂಡು ಹೊಳೆ ದಾಟಿ ಬಂದಿರುತ್ತದೆ, ಡೇರೆಗಳು ತುಂಬಿರುತ್ತವೆ, ಅಡುಗೆಯವರಿಗೆ ಉಸಿರಾಡಲು ಪುರುಸೊತ್ತಿಲ್ಲ. ಹೀಗೆ ಮದುವೆಯಾದಂದಿನಿಂದ ಒಂದು ಸೋಣೆಯಲ್ಲೂ ಪ್ರೇಮಾನಂದರು ಮನೆಯಲ್ಲಿರಲಿಲ್ಲ. ಹುಡುಗನಾಗಿದ್ದಾಗಿನ ಮಳೆಗಾಲ ಮರೆತೇ ಹೋಗಿತ್ತು, ದೊಡ್ಡವರಾದ ಮೇಲೆ ಅವರು ಕಂಡದ್ದು ಬೋಳು ಹಕ್ಕಲನ್ನು ಮಾತ್ರ.

ಸರೋಜಕ್ಕ ಕಂಡದ್ದು ಬೇರೆ ಹಕ್ಕಲು. ನಮ್ಮ ಕುಂದಾಪುರದ ಕಡೆ ಸೋಣೆ ತಿಂಗಳು ಪೂರ್ತಿ ಹೆಂಗಸರು ದಿನಾ ಹೊಸ್ತಿಲಿಗೆ ಪೂಜೆ ಮಾಡುತ್ತಾರೆ. ಹೊಸ್ತಿಲು ತೊಳೆದು, ಬಿಳಿಯ ಶೇಡಿಮಣ್ಣಿನಲ್ಲಿ ಗೆರೆ ಬರೆದು, ಅರಸಿನ ಕುಂಕುಮ ಹಚ್ಚಿ, ಎರಡೂ ತುದಿಗೆ ಹೂ ಇಟ್ಟು ಹೊಸ್ತಿಲಜ್ಜಿಗೆ ಕೈಮುಗಿಯುತ್ತೇವೆ. ಆ ಹೂ ತೋಟದ್ದಲ್ಲ, ಪೇಟೆಯದ್ದೂ ಅಲ್ಲ. ಮಳೆಯಲ್ಲಿ ಹಕ್ಕಲಿನ ಹುಲ್ಲಿನ ನಡುವೆ ತಾನಾಗಿ ಏಳುವ ಸಾಸಿವೆಯಷ್ಟು ಸಣ್ಣ ಹೂಗಳು. ನಾವು ಎಲ್ಲವನ್ನೂ ಸೇರಿಸಿ ಸೋಣೆ ಹೂ ಎನ್ನುತ್ತೇವೆ. ಗಂಡ ದೂರದೇಶದಲ್ಲಿದ್ದ ವರ್ಷಗಳನ್ನು ಸರೋಜಕ್ಕ ದಾಟಿದ್ದು ಆ ಹೂಗಳನ್ನು ಕೊಯ್ದೇ. "ಹೊಸ್ತಿಲ್ ದಾಟಿ ಹೋದವ್ರ್ ಹೊಸ್ತಿಲ್ ದಾಟಿ ಒಳ್ಗ್ ಬರ್ಲಿ ಅಂದ್ ಬೇಡ್ಕಂತಿದ್ದೆ," ಎಂದು ನನ್ನ ಹತ್ತಿರ ಒಮ್ಮೆ ಹೇಳಿದ್ದರು.

ಅವರು ಬಂದರು. ಬಂದವರು ಗೇರು ನೆಡುತ್ತೇನೆ ಎಂದರು.

ಮಂಗಳೂರಿನ ವಿಮಾನ ನಿಲ್ದಾಣದಿಂದ ಬರುವಾಗ ಸಾಸ್ತಾನದ ಟೋಲ್‌ನಲ್ಲಿ ಕಾರು ನಿಂತಾಗ ಶುರುವಾದ ಮಾತಿನಲ್ಲಿ, ಕೋಟೇಶ್ವರ ದಾಟುವಷ್ಟರಲ್ಲಿ ಗೇರು ಹೂಬಿಟ್ಟು ಹಣ್ಣಾಗಿತ್ತು. ಸರೋಜಕ್ಕ ಹೂಂ ಎಂದರು. ಅಷ್ಟು ವರ್ಷ ಬೇರೆಯವರಿಗೆ ಬೇಯಿಸಿ ಹಾಕಿದ ಮನುಷ್ಯ, ಕೇಳುತ್ತಿರುವುದು ನೆರಳು. ಬೇಡ ಎನ್ನಲು ಅವರಿಗೆ ಬಾಯಿ ಬರಲಿಲ್ಲ.

ಸಸಿ ಬಂತು. ಹಾರೆ, ಪಿಕಾಸಿಗೆ ಬಗ್ಗುವ ಕಲ್ಲಲ್ಲವಾದ್ದರಿಂದ ಪಕ್ಕದೂರಿನ ರಾಜೇಂದ್ರ ಜೆಸಿಬಿ ತಂದ. ಹಕ್ಕಲಿನ ಪಡುಬದಿಯಲ್ಲಿ ಒಂದು ಸಾಲು ಹೊಂಡ ತೋಡುವಷ್ಟರಲ್ಲಿ ಈ ವರ್ಷದ ಮಳೆ ಬೇಗನೆ ಬಂದು ಹೊಡೆಯಿತು. ಏರಿನ ದಾರಿಯಲ್ಲಿ ಮೆಷಿನ್ ಜಾರತೊಡಗಿತು. "ಮಳೆ ಬಿಟ್ಟ್ ಹೊಳ ಆಯ್ಲಿ ಪ್ರೇಮಣ್ಣ, ಸೋಣಿ ಕಳ್ದ್ ಬತ್ತೆ," ಎಂದು ರಾಜೇಂದ್ರ ಇಳಿದು ಹೋದ. ಸಸಿಗಳು ಅಂಗಳದಲ್ಲಿ ನಿಂತವು. ಸರೋಜಕ್ಕನಿಗೆ ಇನ್ನೊಂದು ಸೋಣೆ ಸಿಕ್ಕಿತು. ಇದೇ ಕಡೆಯದು ಎಂದು ಅವರು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಿದ್ದರು.

ಆ ಕಡೆಯ ಸೋಣೆಯೂ ಕೈತಪ್ಪುವ ಹಾಗಾಯಿತು. ತಿಂಗಳು ಹುಟ್ಟುವ ಮುನ್ನಾದಿನ ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಬಿದ್ದರು. ಕುಂದಾಪುರದ ಡಾಕ್ಟರು ಹಿಮ್ಮಡಿಯ ಮೇಲೆ ಮೂಳೆ ಬಿರಿದಿದೆ ಎಂದು ಮೊಣಕಾಲಿನ ತನಕ ಪ್ಲಾಸ್ಟರ್ ಹಾಕಿದರು. ಮಣೆ ಹಾಕಿ, ಕಾಲು ಚಾಚಿ ಕೂತು ಹೊಸ್ತಿಲು ಬರೆಯಬಹುದು. ಆದರೆ ಹಕ್ಕಲು ಹತ್ತುವವರು ಯಾರು?

ಮೊದಲ ದಿನ ಬೆಳಿಗ್ಗೆ ಪ್ರೇಮಾನಂದರು ಸಲೀಸಾಗಿ ಅಂಗಳಕ್ಕಿಳಿದು ಒಂದು ಬುಟ್ಟಿ ದಾಸವಾಳ ಕೊಯ್ದು ತಂದಿಟ್ಟರು.

"ಎಂತ ಇದ್?"

"ಹೂಂಗು. ಕಾಣ್ತಿಲ್ಯಾ?"

"ಇದ್ ಒಳ್ಗಿನ್ ದೇವ್ರಿಗ್ ಆತ್ತ್. ಹೊಸ್ತಿಲಜ್ಜಿಗ್ ಸೋಣಿ ಹೂಂಗೇ ಆಯ್ಕ್."

"ಅದ್ ಎಲ್ ಸಿಕ್ಕತ್ತ್?"

ಸರೋಜಕ್ಕ ದಾಸವಾಳದ ಬುಟ್ಟಿಯನ್ನು ಬದಿಗೆ ಸರಿಸಿದರು. "ಹಕ್ಲಗೆ."

"ನಮ್ಮ್ ಹಕ್ಲಗಾ? ಅಲ್ ಹೂಂಗ್ ಎಲ್ಲಿತ್ತ್ ಮಾರಾಯ್ತಿ?"

"ಹೋಯ್ ಕಾಣಿ."

ಹೋದರು. ಮಳೆ ಹನಿಯುತ್ತಿತ್ತು. ಏರು ಹತ್ತಿ, ಕೊಡೆ ಹಿಡಿದು ನಿಂತು ನೋಡಿದರೆ ಹಸುರು ಬಿಟ್ಟು ಏನೂ ಇಲ್ಲ. ಎತ್ತ ನೋಡಿದರೂ ಹುಲ್ಲು, ನಡುನಡುವೆ ಕಲ್ಲಿನ ತಗ್ಗುಗಳಲ್ಲಿ ನಿಂತ ನೀರು. ದಾಸವಾಳದಷ್ಟಲ್ಲದಿದ್ದರೂ ಮಲ್ಲಿಗೆಯಷ್ಟಾದರೂ ಇರಬೇಡವೇ ಎಂದು ಹುಡುಕುತ್ತ ನಾಲ್ಕು ಹೆಜ್ಜೆ ನಡೆದರು. ಆಚೆಯಿಂದ ನೆರೆಮನೆಯ ವನಜ ಕೂಗಿದಳು:

"ಹ್ವಾಯ್ ಪ್ರೇಮಣ್ಣ, ಕಾಲ್ ಎತ್ತಿ! ಹೂಂಗಿನ್ ಮೇಲೇ ನಿಂತಿದ್ರಿ!"

ಬಗ್ಗಿ ನೋಡಿದರು. ಒಂದು ಕಾಲೆತ್ತಿದರು. ಎತ್ತಿದ ಕಾಲು ಇಡಲು ಜಾಗ ಇರಲಿಲ್ಲ. ಹುಲ್ಲಿನ ಬುಡದಲ್ಲಿ ನೀಲಿ, ನೇರಳೆ, ಅರಸಿನದ ಬಣ್ಣದ ಚುಕ್ಕಿಗಳು. ಬಿಳಿ ಗುಂಡಿಯಂಥವು ಸಣ್ಣ ಕಡ್ಡಿಯ ತುದಿಗೆ. ಹಕ್ಕಲಿನ ಆ ತುದಿಯ ತನಕ ಅದೇ.

"ಆಫ್ರಿಕದಗೆ ಹುಲಿ ಕಂಡ್ ಬಂದವ್ರಿಗ್ ನಮ್ಮ್ ಹೂಂಗ್ ಹ್ಯಾಂಗ್ ಕಾಂತ್ ಹೇಳಿ?" ಎಂದು ವನಜ ನಕ್ಕಳು.

"ಆಫ್ರಿಕದಗೆ ಹುಲಿ ಇಲ್ಲೆ ಹೆಣೆ. ಸಿಂಹ."

"ಎಂತದೋ ಒಂದ್. ಈಗಳ್ ಆ ಕೊಡೆ ಬದಿಗಿಟ್ಟ್ ಮೊಣಕಾಲ್ ಊರಿ. ನಿಂತ್ಕಂಡ್ ಕೊಯ್ಯುಕ್ ಇದೇನ್ ತೆಂಗಿನ್ಕಾಯಾ?"

ಊರಿದರು. ಆ ದಿನ ಒಂದು ಹಿಡಿ ಹೂವಿಗೆ ಅರ್ಧ ಬೆಳಿಗ್ಗೆ ಹೋಯಿತು. ಬುಡಸಮೇತ ಕಿತ್ತು ತಂದದ್ದಕ್ಕೆ ಸರೋಜಕ್ಕನಿಂದ ಬೈಗುಳವೂ ಆಯಿತು. "ಬುಡ ಕಿತ್ರ್ ಮುಂದಿನ್ ವರ್ಷಕ್ ಎಂತ ಇತ್ತ್? ಉಗುರಗೆ ಚೂಂಟಿ." ಹಾಗೆಂದ ಮೇಲೆ ಮುಂದಿನ ವರ್ಷ ಎಂಬ ಮಾತು ತಮ್ಮ ಬಾಯಲ್ಲಿ ಹೇಗೆ ಬಂತೆಂದು ಸರೋಜಕ್ಕನಿಗೇ ಸೋಜಿಗವಾಯಿತು. ಪ್ರೇಮಾನಂದರು ಅದನ್ನು ಗಮನಿಸಲಿಲ್ಲ.

ಆಮೇಲೆ ದಿನಾ ಅವರದೇ ಕೆಲಸವಾಯಿತು. ಕಾಫಿ ಕುಡಿದು ಹೋದವರು ಬರುವುದು ತಡವಾಗತೊಡಗಿತು. ಬಂದವರು ಹೂವಿನ ಜೊತೆ ಒಂದೊಂದು ಸುದ್ದಿ ತರುತ್ತಿದ್ದರು. ಒಂದು ದಿನ ನೆಲಕ್ಕಂಟಿದ ಕೆಂಪು ಗಿಡ, ನಾಣ್ಯದಷ್ಟು ಅಗಲ, ಎಲೆಯ ತುಂಬ ಇಬ್ಬನಿಯಂಥ ಅಂಟಿನ ಹನಿ. ಅದರಲ್ಲಿ ಸಿಕ್ಕಿದ ಸೊಳ್ಳೆಯನ್ನು ಗಿಡ ನಿಧಾನವಾಗಿ ಮಡಿಚಿ ತಿನ್ನುವುದನ್ನು ನೋಡುತ್ತ ಕೂತಿದ್ದರಂತೆ. ಆ ಕಲ್ಲಿನ ಮೇಲಿನ ಮಣ್ಣಿನಲ್ಲಿ ಸಾರವಿಲ್ಲ, ಅದಕ್ಕೇ ದೇವರು ಗಿಡಕ್ಕೆ ಬಾಯಿ ಕೊಟ್ಟಿದ್ದಾನೆ. ಇನ್ನೊಂದು ದಿನ, ಹುಲ್ಲಿನಿಂದ ನೇರ ಮೇಲೆದ್ದು ಹಾಡುತ್ತ ಹಾಡುತ್ತ ಮೋಡದಡಿ ನಿಂತ ಪುಟ್ಟ ಬಾನಾಡಿ. ಮತ್ತೊಂದು ದಿನ, ಅಮ್ಮ ಕೂಗಿದ್ದೇ ತಡ ಕಲ್ಲಿನ ಪಕ್ಕ ಕಲ್ಲಾಗಿ ಬಿದ್ದುಕೊಂಡ ಟಿಟ್ಟಿಭದ ಮರಿ. ಕಾಲ ಬಳಿಯೇ ಇದ್ದರೂ ಮಿಸುಕದೆ ಇತ್ತಂತೆ. ತಗ್ಗಿನ ನೀರಿನಲ್ಲಿ ಗೊದಮೊಟ್ಟೆಗಳು, ಕೆಸರಿನಲ್ಲಿ ನರಿಯ ಹೆಜ್ಜೆ.

"ಅಲ್ ಜೀಪಿನ್ ಮೇಲ್ ನಿಂತ್ ದುರ್ಬೀನಗೆ ಕಾಂಬುದ್," ಎಂದು ಒಂದು ಬೆಳಿಗ್ಗೆ ನನಗೆ ಹೇಳಿದರು. "ಇಲ್ ಮೊಣಕಾಲ್ ಊರಿ ಕಾಂಬುದ್. ಅಷ್ಟೇ ವ್ಯತ್ಯಾಸ."

ಚೌತಿಯ ದಿನ ಗಣಪತಿಗೆ ಗರಿಕೆ ಕೀಳುತ್ತಿದ್ದಾಗ ಅವರಿಗೆ ಸಂಕಾಲೆ ಎಂಬವನ ನೆನಪಾಯಿತಂತೆ. ಸಂಕಾಲೆ ಅಲ್ಲಿನ ಮಸಾಯಿ ಜನದವನು, ಕ್ಯಾಂಪಿನ ಕಾವಲುಗಾರ, ಇವರ ಸ್ನೇಹಿತ. ದನವೇ ಆ ಜನದ ಸಂಪತ್ತು, ಹಾಗಾಗಿ ಹುಲ್ಲು ಎಂದರೆ ಅವರಿಗೆ ದೇವರ ಪ್ರಸಾದ. ಜಗಳ ಬೇಡ ಎನ್ನಲು ಹುಲ್ಲಿನ ಎಸಳು ಕೈಯಲ್ಲಿ ಹಿಡಿದು ತೋರಿಸುತ್ತಾರಂತೆ. ಇವರು ಹೊರಡುವ ದಿನ ಅವನು ಒಂದು ಹಿಡಿ ಹುಲ್ಲು ಕಿತ್ತು ಇವರ ಅಂಗೈಗಿಟ್ಟು ಹರಸಿದ್ದ. "ನಾ ಅದ್ನ್ ಏರ್‌ಪೋರ್ಟಗೆ ಬಿಸಾಡ್ದೆ," ಎಂದರು ಪ್ರೇಮಾನಂದರು. "ಬರೀ ಹುಲ್ಲಲೆ ಅಂದ್ಕಂಡೆ." ಆಮೇಲೆ ಗರಿಕೆಯನ್ನು ನೀರಿನಲ್ಲಿ ತೊಳೆದು, ಎಂದಿಗಿಂತ ಮೆತ್ತಗೆ ಗಣಪತಿಯ ಮುಂದೆ ಇಟ್ಟರು.

ಚೌತಿ ಕಳೆದ ಮೇಲೆ ಒಂದು ಬೆಳಿಗ್ಗೆ ಹೂವು ಹುಡುಕುತ್ತ ಅವರು ಪಡುಬದಿಗೆ ಹೋದರು. ಅಲ್ಲಿ ರಾಜೇಂದ್ರ ತೋಡಿದ ಹೊಂಡಗಳ ಸಾಲು. ಪ್ರತಿ ಹೊಂಡದಲ್ಲೂ ಕೆಂಪು ನೀರು. ಸುತ್ತ ಮೆಷಿನ್ ಎತ್ತಿಹಾಕಿದ ಕಲ್ಲಿನ ಪುಡಿ ಹರಡಿತ್ತು. ಅದು ಹರಡಿದಷ್ಟು ಜಾಗದಲ್ಲಿ ಒಂದು ಹುಲ್ಲಿನ ಎಸಳಿಲ್ಲ, ಒಂದು ಹೂವಿಲ್ಲ, ಒಂದು ಇರುವೆ ಕೂಡ ಓಡಾಡುತ್ತಿರಲಿಲ್ಲ. ಆಚೆ ಒಂದು ಗೇಣು ದೂರದಲ್ಲಿ ನೀಲಿ ಹೂಗಳು ಗಾಳಿಗೆ ತಲೆ ಆಡಿಸುತ್ತಿದ್ದವು.

ಆ ದಿನ ಅವರು ಬೇಗ ಇಳಿದು ಬಂದರು. ನಾನು ಹಾಲಿನ ಪಾತ್ರೆ ಹಿಡಿದು ಜಗಲಿಯಲ್ಲಿದ್ದೆ. ಹೂವಿನ ಬುಟ್ಟಿ ಹೆಂಡತಿಯ ಮುಂದಿಟ್ಟು, ಮೆಟ್ಟಿಲ ಮೇಲೆ ಕೂತರು.

"ಇಷ್ಟ್ ವರ್ಷ ನೀ ಎಂತಕ್ ಹೇಳ್ಲಿಲ್ಲೆ?"

ಸರೋಜಕ್ಕ ಶೇಡಿಯ ಗೆರೆ ಅರ್ಧಕ್ಕೆ ನಿಲ್ಲಿಸಲಿಲ್ಲ. ಆ ತುದಿ ಮುಟ್ಟಿಸಿಯೇ ಕೈಯೆತ್ತಿದರು.

"ನೀವ್ ಫೋನ್ ಮಾಡಿರ್ ಆನಿ, ಸಿಂಹ ಅಂದ್ ಹೇಳ್ತಿದ್ರಿ. ನಂದ್ ಸಾಸ್ಮಿ ಕಾಳಿನಷ್ಟ್ ಹೂಂಗು. ಅದ್ನ್ ಎಂತ ಅಂದ್ ಹೇಳುದ್?"

"ಬಂದ್ ಮೇಲಾರೂ ಹೇಳ್ಲಕ್ಕಿತ್ತಲೆ. ಗೇರ್ ಬ್ಯಾಡ ಅಂದ್."

"ನೆಳ್ಳ್ ಬೇಕ್ ಅಂದ್ರಿ. ಅಷ್ಟ್ ದೂರ್ದಿಂದ ಬಂದವ್ರಿಗ್ ನೆಳ್ಳ್ ಬ್ಯಾಡ ಅಂಬುದಾ?" ಎಂದವರು ಸೆರಗಿನ ತುದಿಯಿಂದ ಕಣ್ಣು ಒತ್ತಿಕೊಂಡು, "ಹೂಂಗ್ ಕೊಡಿ ಈಚೆ. ಹೊತ್ತಾಯ್ತ್," ಎಂದರು.

ಪ್ರೇಮಾನಂದರು ಬುಟ್ಟಿಯಿಂದ ಒಂದೊಂದೇ ಹೂ ತೆಗೆದು ಅವರ ಕೈಗೆ ಕೊಟ್ಟರು. ನಾನೂ ಅಲ್ಲೇ ಕೈಮುಗಿದು ನಿಂತಿದ್ದೆ. ದೇವರು ಎಲ್ಲೆಲ್ಲೋ ಸುತ್ತಿಸಿ ಕೊನೆಗೆ ಮನುಷ್ಯನನ್ನು ಅವನ ಬಾಗಿಲಿಗೇ ತಂದು ಕೂರಿಸುತ್ತಾನೆ ಎಂದು ಅನಿಸಿತು.

ಸೋಣೆ ಮುಗಿಯುತ್ತ ಬಂದು ಬಿಸಿಲು ಕಂಡಿದ್ದೇ ರಾಜೇಂದ್ರ ಬೈಕಿನಲ್ಲಿ ಬಂದ.

"ಪ್ರೇಮಣ್ಣ, ಮಳೆ ಹೊಳ ಆಯ್ತ್. ನಾಳಿಗ್ ಮೆಷಿನ್ ತತ್ತೆ."

"ಮೆಷಿನ್ ಬ್ಯಾಡ ರಾಜೇಂದ್ರ."

"ಬ್ಯಾಡ್ವಾ? ಮತ್ ಈ ಗಿಡ ಎಲ್ ನೆಡ್ತ್ರಿ, ಮಾಡಿನ್ ಮೇಲಾ?"

"ನಿನ್ನ್ ಮನಿ ಹಿಂದ್ ಜಾಗ ಇತ್ತಲೆ. ನಾಕ್ ತಕಂಡ್ ಹೋಗ್."

"ಅಯ್ಯೋ ಮಾರಾಯ್ರೆ, ಅಷ್ಟ್ ದೊಡ್ ಜಾಗ ಖಾಲಿ ಬಿಡುದಾ?"

"ಖಾಲಿ ಅಂದ್ ಯಾರ್ ಹೇಳಿದ್? ಭರ್ತಿ ಆಯ್ತ್ ಅದ್. ಕಾಲ್ ಇಡುಕ್ ಜಾಗ ಇಲ್ಲೆ ಅಲ್," ಎಂದರು ಪ್ರೇಮಾನಂದರು. ರಾಜೇಂದ್ರ ಸರೋಜಕ್ಕನ ಕಡೆ ತಿರುಗಿ ಕಣ್ಣಲ್ಲೇ 'ಎಂತ ಆಯ್ತ್ ಇವ್ರಿಗೆ?' ಎಂದು ಕೇಳಿದ. ಸರೋಜಕ್ಕ ಅವನಿಗೆ ಚಾ ತರುವ ನೆಪದಲ್ಲಿ ಊರುಗೋಲು ಹಿಡಿದು ಒಳಗೆ ಹೋದರು. ಒಳಗಿನಿಂದ ಲೋಟದ ಶಬ್ದ ಮಾತ್ರ ಬಹಳ ಹೊತ್ತು ಬರುತ್ತಿತ್ತು.

ಗೇರಿನ ಸಸಿಗಳು ಹಂಚಿಹೋದವು. ರಾಜೇಂದ್ರ ನಾಲ್ಕು ಕಟ್ಟಿಕೊಂಡು ಹೋದ, ವನಜ ಒಂದಷ್ಟು ಒಯ್ದಳು, ನಮ್ಮ ಹಿತ್ತಲಿಗೂ ಎರಡು ಬಂದಿವೆ. ಏರಿನ ಬುಡದಲ್ಲಿ, ಮಣ್ಣು ಆಳವಾಗಿರುವಲ್ಲಿ ಪ್ರೇಮಾನಂದರು ತಮಗೆಂದು ಕೆಲವನ್ನು ನೆಟ್ಟರು, ಜೊತೆಗೆ ಒಂದು ಹಲಸು. ಮಂಚಕ್ಕೆ ಒಂದು ಮರದ ನೆರಳು ಸಾಕಲ್ಲ. ಉಳಿದ ದಿನಗಳಲ್ಲಿ ಅವರು ಬುಟ್ಟಿ ತಲೆಗಿಟ್ಟು ಹಕ್ಕಲು ಹತ್ತಿ, ಆ ಕಲ್ಲಿನ ಪುಡಿಯನ್ನು ಬಾಚಿ ಬಾಚಿ ಹೊಂಡಗಳಿಗೆ ತುಂಬಿದರು.

ಸೋಣೆಯ ಕಡೆಯ ದಿನದ ಹೊತ್ತಿಗೆ ಸರೋಜಕ್ಕನ ಪ್ಲಾಸ್ಟರ್ ಬಿಚ್ಚಿತ್ತು. ಡಾಕ್ಟರು ಮನೆಯೊಳಗೆ ಮೆಲ್ಲಗೆ ನಡೆಯಿರಿ ಎಂದಿದ್ದರು. ಸರೋಜಕ್ಕ ಹಕ್ಕಲಿಗೆ ಹೊರಟರು. ಒಂದು ಕೈ ಗಂಡನ ಹೆಗಲ ಮೇಲೆ, ಇನ್ನೊಂದು ನನ್ನ ಮೇಲೆ. ಮೇಲೆ ಹೋದ ಮೇಲೆ ಮಣೆಯ ಮೇಲೆ ಕೂತು, ಕೈಗೆಟಕುವ ಹೂಗಳನ್ನು ತಾವೇ ಚೂಟಿದರು. ಈ ವರ್ಷ ಅವರು ಕೊಯ್ದ ಮೊದಲ ಹೂ ಅದು.

ಪ್ರೇಮಾನಂದರು ತುಂಬಿದ ಹೊಂಡಗಳನ್ನು ತೋರಿಸಿದರು. ಹುಲ್ಲಿನ ನಡುವೆ ಹಳೆ ಗಾಯದ ಹಾಗೆ ಕೆಂಪಗೆ ಕಾಣುತ್ತಿದ್ದವು. "ಇಲ್ ಯಾವಾಗ್ ಬತ್ತ್ ಹೂಂಗು?" ಎಂದು ಕೇಳಿದರು.

"ಗೊತ್ತಿಲ್ಲೆ. ಬೇಗ ಬತ್ತಿಲ್ಲೆ," ಎಂದರು ಸರೋಜಕ್ಕ. "ಸುತ್ತ ಇತ್ತಲೆ, ಬೀಜ ಬೀಳತ್ತ್. ಮಳೆ ಬಂದಂಗ್ ಬಂದಂಗ್ ಮಣ್ಣ್ ಕೂಕಂತ್ತ್. ಬಪ್ಪತಂಕ ಕಾಯ್ವ."

"ಕಾಯ್ತೆ. ಇನ್ ನಂಗ್ ಬೇರೆಂತ ಕೆಲ್ಸ?"

ಆಗ ಬಾನಾಡಿಯೊಂದು ಹುಲ್ಲಿನಿಂದ ಎದ್ದಿತು.

ಪ್ರೇಮಾನಂದರು ಕೈ ಹಣೆಗೆ ಹಿಡಿದು, ಬಾಯಿ ತೆರೆದು ಮೇಲೆ ನೋಡುತ್ತ ನಿಂತುಬಿಟ್ಟರು. ಸರೋಜಕ್ಕ ಹೂವನ್ನು ಸೆರಗಿಗೆ ಕಟ್ಟಿಕೊಂಡು ಎದ್ದರು, ಸ್ವಲ್ಪ ಕಾದರು. ಆಮೇಲೆ ನನ್ನತ್ತ ನೋಡಿ ನಕ್ಕು, ಜೋರಾಗಿ ಕರೆದರು:

"ಹ್ವಾಯ್, ಬನ್ನಿ! ಹಕ್ಕಿ ನಾಳಿಗೂ ಇರತ್ತ್. ಹೊಸ್ತಿಲಜ್ಜಿಗ್ ಇವತ್ತೇ ಕಡಿ ಪೂಜಿ."